ಚೌತಿಗೆ ಊರಿಗೆ ಹೋಗಿ ಬರುವಷ್ಟರಲ್ಲಿ ಲೆದರ್ ಬ್ಯಾಗ್ ಬೆಳ್ಳಗೆ! ಇದು ಬೂಷ್ಟಾ, ಬೇರೆ ಏನಾದ್ರೂನಾ?

ಕೋಡಿಬಾಗದವಳು (ಕಾರವಾರ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ಎರಡು ವರ್ಷದ ಹಿಂದೆ ಮೂರು ತಿಂಗಳ ಸಂಬಳ ಒಟ್ಟಿಗೆ ಕೈಗೆ ಬಂದಾಗ ಧೈರ್ಯ ಮಾಡಿ ಒಂದು ಒಳ್ಳೆ ಚರ್ಮದ ಬ್ಯಾಗ್ ತಗೊಂಡೆ. ಜೇನುತುಪ್ಪದ ಬಣ್ಣ. ಮೇಲೆ ಬಣ್ಣದ ಪದರ, ಹೊಳಪು ಏನೂ ಇಲ್ಲ, ಉಗುರು ತಾಗಿದರೂ ಗೀರು ಕಾಣುತ್ತದೆ. ಗಿಡದ ತೊಗಟೆಯಲ್ಲಿ ಹದ ಮಾಡಿದ ಚರ್ಮ ಅಂತ ಚೀಟಿಯಲ್ಲಿ ಬರೆದಿತ್ತು. ಬೇಸಿಗೆಯಲ್ಲಿ ಏನೂ ತೊಂದರೆ ಇರಲಿಲ್ಲ. ದಿನಾ ಕೈ ತಾಗಿ ತಾಗಿ ಹಿಡಿಕೆ ಹತ್ತಿರ ಬಣ್ಣ ಗಾಢವಾಗಿ ಇನ್ನೂ ಚಂದ ಆಗಿತ್ತು.

ಈ ಜೂನಲ್ಲಿ ಸದಾಶಿವಗಡದಿಂದ ಸ್ಕೂಟಿಯಲ್ಲಿ ಬರುವಾಗ ಕಾಳಿ ಸೇತುವೆ ಮೇಲೆ ಮಳೆ ಹಿಡಿಯಿತು. ಅಲ್ಲಿ ಮಳೆ ಮೇಲಿಂದ ಬರಲ್ಲ, ಅಡ್ಡ ಬರುತ್ತದೆ, ನಿಮಗೆಲ್ಲ ಗೊತ್ತು. ನಾನು ರೇನ್‌ಕೋಟ್ ಒಳಗೆ, ಬ್ಯಾಗ್ ಹೊರಗೆ. ಮನೆಗೆ ಬಂದು ಫ್ಯಾನ್ ಕೆಳಗೆ ಇಟ್ಟೆ. ಎರಡು ದಿನಕ್ಕೆ ಒಣಗಿತು, ಆದರೆ ಹಪ್ಪಳದ ಹಾಗೆ ಗಟ್ಟಿ. ಅದಕ್ಕೆ ಮನೆಯಲ್ಲಿದ್ದ ಎಣ್ಣೆ ಹಚ್ಚಿದೆ, ಮೆತ್ತಗಾಯಿತು, ಜೊತೆಗೆ ಅಲ್ಲಲ್ಲಿ ಕಪ್ಪು ಕಪ್ಪು ಪಟ್ಟೆ ಬಂತು. ಆಯ್ತು, ಹೋಗಲಿ ಅಂತ ಬಿಟ್ಟೆ.

ಚೌತಿಗೆ ಊರಿಗೆ ಹೋಗುವಾಗ ಬ್ಯಾಗನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಬ್ಬಿಣದ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದ್ದೆ. ಒಂಬತ್ತು ದಿನ ಬಿಟ್ಟು ಬಂದು ತೆಗೆದರೆ ಹಿಟ್ಟು ಎರಚಿದ ಹಾಗೆ ಬೆಳ್ಳಗಾಗಿದೆ. ಹೊಲಿಗೆ ಸಾಲಿನಲ್ಲಿ ಜಾಸ್ತಿ. ಮುಗ್ಗಲು ವಾಸನೆ. ಬಕಲ್ ಪಕ್ಕದಲ್ಲಿ ಶಾಯಿ ಚೆಲ್ಲಿದ ಹಾಗೆ ನೀಲಿಗಪ್ಪು ಕಲೆ, ಹಿತ್ತಾಳೆ ಗುಂಡಿಗಳ ಬುಡದಲ್ಲಿ ಹಸಿರು ಮೇಣದಂಥದ್ದು ಏನೋ.

ಪೇಟೆಯ ಒಂದು ರಿಪೇರಿ ಅಂಗಡಿಗೆ ತಗೊಂಡು ಹೋದೆ. ಅವರು ಮೂಸಿಯೂ ನೋಡದೆ "ಕರಿ ಪಾಲಿಶ್ ಹೊಡೆದು ಕೊಡ್ತೇವೆ, ಎಲ್ಲ ಮುಚ್ಚಿ ಹೋಗ್ತದೆ" ಅಂದರು. ಮುಚ್ಚುವುದಾದರೆ ನಾನೇ ಮುಚ್ಚುತ್ತಿದ್ದೆ ಅಲ್ವಾ. ಬಿಸಿಲಿಗೆ ಇಡೋಣ ಅಂದರೆ ಬಿಸಿಲೇ ಇಲ್ಲ. ಏನು ಮಾಡಲಿ?

ಕುಮಟಾ ಲೋಕಲ್

ಇಷ್ಟಕ್ಕೆಲ್ಲ ತಲೆ ಕೆಡಿಸ್ಕೋಬೇಡಿ ಮಾರಾಯ್ರೆ. ಒದ್ದೆ ಬಟ್ಟೆಗೆ ಸ್ವಲ್ಪ ಬ್ಲೀಚ್ ಹಾಕಿ ಒರೆಸಿ, ಬಿಸಿಲು ಬಿದ್ದ ದಿನ ಟೆರೇಸ್ ಮೇಲೆ ಇಡಿ, ಸಂಜೆ ಚೆನ್ನಾಗಿ ಕೊಬ್ಬರಿ ಎಣ್ಣೆ ಹಚ್ಚಿ. ನಮ್ಮಪ್ಪನ ಚಪ್ಪಲಿಗೆ ಅದನ್ನೇ ಮಾಡ್ತೇವೆ, ಹತ್ತು ವರ್ಷ ಬಂದಿದೆ.

ದಬ್ಬಳ ದಾರ (ಶಿರಸಿ)

ಮೇಲಿನ ಉತ್ತರದಲ್ಲಿ ಹೇಳಿದ ಮೂರೂ ಮಾಡಬೇಡಿ. ಕುಮಟಾದವರಿಗೆ ಬೇಜಾರಾದರೆ ಕ್ಷಮೆ ಇರಲಿ. ಚಪ್ಪಲಿಯಾದರೆ ಕಪ್ಪಾದರೂ ಯಾರೂ ಕೇಳಲ್ಲ. ಇದು ಬಣ್ಣದ ಪದರ ಇಲ್ಲದ ಚರ್ಮ, ಬ್ಲೀಚ್ ಬಿದ್ದರೆ ಬಣ್ಣವೂ ಹೋಗುತ್ತದೆ, ನಾರೂ ಹಾಳಾಗುತ್ತದೆ.

ನಾನು ಕಸುಬಿನವನಲ್ಲ. ಐದಾರು ವರ್ಷದಿಂದ ಹವ್ಯಾಸಕ್ಕೆ ಬೆಲ್ಟು, ಪರ್ಸು, ಬ್ಯಾಗು ಹೊಲಿಯುತ್ತೇನೆ. ಶಿರಸಿ ಮಳೆಗಾಲದಲ್ಲಿ ಚರ್ಮ ಇಟ್ಟುಕೊಂಡವನಿಗೆ ಬೂಷ್ಟಿನ ಪರಿಚಯ ಚೆನ್ನಾಗಿಯೇ ಇರುತ್ತದೆ, ಮೊದಲ ವರ್ಷ ಒಂದು ಇಡೀ ಸುರುಳಿ ಕಳ್ಕೊಂಡಿದ್ದೇನೆ.

ಮೊದಲು ಇದು ಏನು ಅಂತ ಗೊತ್ತಾಗಬೇಕು. ಚರ್ಮದ ಮೇಲೆ ಬಿಳಿ ಬಂದರೆ ಎಲ್ಲರೂ ಬೂಷ್ಟು ಅಂತಾರೆ. ಆದರೆ ಎರಡು ಬೇರೆ ಬೇರೆ ಸಂಗತಿ ನೋಡಲಿಕ್ಕೆ ಒಂದೇ ಥರ ಇರುತ್ತವೆ. ಒಂದು ನಿಜವಾದ ಬೂಷ್ಟು. ಇನ್ನೊಂದು ಚರ್ಮದ ಒಳಗಿನ ಜಿಡ್ಡು ಮೇಲೆ ಬಂದು ಹೆಪ್ಪುಗಟ್ಟುವುದು. ಹಳೇ ಚಾಕಲೇಟ್ ಮೇಲೆ ಬಿಳಿ ಬರುತ್ತದಲ್ಲ, ಹಾಗೆ. ನೋಡುವ ಉಪಾಯ ಸುಲಭ. ಕೂದಲು ಒಣಗಿಸುವ ಡ್ರೈಯರ್ ಇದ್ದರೆ ಕಡಿಮೆ ಬಿಸಿಯಲ್ಲಿ ಒಂದು ಗೇಣು ದೂರ ಹಿಡಿದು ಅರ್ಧ ನಿಮಿಷ ಗಾಳಿ ಬಿಡಿ. ಜಿಡ್ಡಾದರೆ ಕಣ್ಣೆದುರೇ ಕರಗಿ ಮಾಯವಾಗುತ್ತದೆ. ಬೂಷ್ಟಾದರೆ ಹಾಗೇ ಇರುತ್ತದೆ, ಮುಟ್ಟಿದರೆ ಪುಡಿಯಾಗಿ ಉದುರುತ್ತದೆ. ಮುಗ್ಗಲು ವಾಸನೆ ಬರುವುದೂ ಬೂಷ್ಟಿಗೇ.

ಅದನ್ನು ಮಾಡಿ ಬಂದು ಹೇಳಿ. ಅಲ್ಲಿವರೆಗೆ ಏನನ್ನೂ ಹಚ್ಚಬೇಡಿ, ದಯವಿಟ್ಟು. ಪ್ಲಾಸ್ಟಿಕ್ ಕವರನ್ನು ಈಗಲೇ ಎಸೆಯಿರಿ. ಮತ್ತೆ, ಮೊದಲು ಹಚ್ಚಿದ "ಮನೆಯಲ್ಲಿದ್ದ ಎಣ್ಣೆ" ಯಾವುದು?

ಮದ್ದಳೆ ಮಾಣಿ

ಸುಮ್ನೆ ಒಂದು ಮಾತು. ನಮ್ಮ ಮದ್ದಳೆ ತಂಡಿಗೆ ಇಳಿದರೆ ಸ್ವಲ್ಪ ಬಿಸಿ ತೋರಿಸ್ತೇವೆ, ಚರ್ಮ ಬಿಗಿಯಾಗಿ ಶ್ರುತಿಗೆ ಬರುತ್ತದೆ. ಬ್ಯಾಗನ್ನೂ ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ತೂಗಿ ಹಾಕಿದರೆ ಒಣಗುವುದಿಲ್ವಾ? ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ಎಲ್ಲ ಅಲ್ಲೇ ಒಣಗುವುದು, ಕಂಬಳಿಯಿಂದ ಹಿಡಿದು ಹಪ್ಪಳದವರೆಗೆ.

ದಬ್ಬಳ ದಾರ (ಶಿರಸಿ)

ಬೇಡ ಮಾಣಿ. ಮದ್ದಳೆ, ಚಂಡೆಗೆ ಹಾಕುವುದು ಹದ ಮಾಡದ ಹಸಿ ತೊಗಲು, ಬ್ಯಾಗಿನದ್ದು ಹದ ಮಾಡಿದ ಚರ್ಮ. ಜಾತಿಯೇ ಬೇರೆ. ನಿಮಗೆ ಚರ್ಮ ಬಿಗಿಯಬೇಕು, ನಮಗೆ ಬಿಗಿಯಬಾರದು. ತೊಗಟೆಯಲ್ಲಿ ಹದ ಮಾಡಿದ ಚರ್ಮ ಪೂರ್ತಿ ಒದ್ದೆ ಇದ್ದಾಗ 70–80 ಡಿಗ್ರಿ ಬಿಸಿ ತಾಗಿದರೆ ಸುರುಟಿಕೊಳ್ಳುತ್ತದೆ, ಆಮೇಲೆ ಬ್ರಹ್ಮ ಬಂದರೂ ಹಿಂದಕ್ಕೆ ಬರಲ್ಲ. ಒಲೆ ಮೇಲೆ ಅಷ್ಟು ಬಿಸಿ ಯಾವಾಗ ತಾಗಿತು ಅಂತ ನಿಮಗೆ ಗೊತ್ತೇ ಆಗುವುದಿಲ್ಲ. ಹೊಗೆ ವಾಸನೆ ಬೇರೆ.

ಕೋಡಿಬಾಗದವಳು (ಕಾರವಾರ)

ಮಾಡಿ ನೋಡಿದೆ. ವಿಚಿತ್ರ ಆಯ್ತು!

ಮುಂದಿನ ಮುಚ್ಚಳದ ಮೇಲಿನ ಬಿಳಿ ಡ್ರೈಯರ್ ಹಿಡಿದ ಕೂಡಲೇ ತುಪ್ಪ ಕರಗಿದ ಹಾಗೆ ಕರಗಿ ಹೋಯಿತು. ಅಮ್ಮನೂ ಬಂದು ನೋಡಿದಳು. ಆದರೆ ಹಿಂಬದಿ, ಹೊಲಿಗೆ ಸಾಲು ಮತ್ತು ಒಳಗಿನ ಕಿಸೆ ಹತ್ತಿರ ಇರುವುದು ಏನೂ ಆಗಲಿಲ್ಲ, ಅದು ಹಸಿರು ಮಿಶ್ರ ಬೂದಿ ಬಣ್ಣ, ಬೆರಳಿಗೆ ಪುಡಿ ಹತ್ತುತ್ತದೆ. ಅಂದರೆ ಎರಡೂ ಇದೆಯಾ?

ಎಣ್ಣೆ ವಿಷಯ. ಹೇಳಲಿಕ್ಕೆ ನಾಚಿಕೆ. ಅರ್ಧ ಕೊಬ್ಬರಿ ಎಣ್ಣೆ, ಅರ್ಧ ಮುರುಗಲ (ಕೋಕಂ) ಬೀಜದ ತುಪ್ಪ. ಹಿಮ್ಮಡಿ ಒಡೆದರೆ ಹಚ್ಚಲಿಕ್ಕೆ ಅಜ್ಜಿ ಮನೆಯಿಂದ ಉಂಡೆ ತಂದಿಟ್ಟಿದ್ದು ಇತ್ತು. ಕಾಲಿನ ಚರ್ಮಕ್ಕೆ ಆಗುವುದಾದರೆ ಬ್ಯಾಗಿನ ಚರ್ಮಕ್ಕೆ ಯಾಕಾಗಬಾರದು ಅಂದುಕೊಂಡೆ. ಧಾರಾಳವಾಗಿಯೇ ಹಚ್ಚಿದ್ದೇನೆ.

ದಬ್ಬಳ ದಾರ (ಶಿರಸಿ)

ಸಿಕ್ಕಿತು ಕಳ್ಳ. ನಗಬಾರದು, ಆದರೂ ನಗು ಬಂತು.

ಮುರುಗಲ ತುಪ್ಪ ನಮ್ಮ ಕಡೆಯ ಅಪರೂಪದ ವಸ್ತು, ಹಿಮ್ಮಡಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಅದು ಉಂಡೆಯಾಗಿ ಗಟ್ಟಿ ನಿಲ್ಲುವುದು ಯಾಕೆ ಹೇಳಿ? ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಟಿಯರಿಕ್ ಆಮ್ಲವೇ ಇರುತ್ತದೆ. ಮೇಣದಬತ್ತಿಗೂ ಅದನ್ನು ಸೇರಿಸುತ್ತಾರೆ. ಮೈ ಶಾಖಕ್ಕಿಂತ ಸ್ವಲ್ಪ ಜಾಸ್ತಿ ಬಿಸಿಗೆ, ಹೆಚ್ಚುಕಡಿಮೆ 40 ಡಿಗ್ರಿಗೆ ಕರಗುವ ತುಪ್ಪ ಅದು. ನೀವು ಉಜ್ಜುವಾಗ ಕೈ ಬಿಸಿಗೆ, ಕೊಬ್ಬರಿ ಎಣ್ಣೆ ಜೊತೆಗೆ ಸೇರಿ ಒಳಗೆ ಹೋಯಿತು. ಮಳೆ ತಂಪಿಗೆ ಆ ಗಟ್ಟಿ ಭಾಗ ಮೆಲ್ಲಗೆ ಮೇಲೆ ಬಂದು ಬಿಳಿಯಾಗಿ ಕೂತಿತು. ಕೊಬ್ಬರಿ ಎಣ್ಣೆಯೂ 24 ಡಿಗ್ರಿ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ, ಶಿರಸಿಯಲ್ಲಿ ಡಿಸೆಂಬರ್ ಬೆಳಿಗ್ಗೆ ಬಾಟಲಿ ತಲೆಕೆಳಗೆ ಮಾಡಿದರೂ ಬೀಳಲ್ಲ. ಅದೇ ಆಟ ಚರ್ಮದ ಒಳಗೂ ನಡೆಯುತ್ತದೆ. ಇನ್ನು ಬೂಷ್ಟಿಗೆ ಜಿಡ್ಡು ಅಂದರೆ ಊಟ. ನೀವು ಬಡಿಸಿ, ಪ್ಲಾಸ್ಟಿಕ್ ಸುತ್ತಿ, ಬಾಗಿಲು ಹಾಕಿ ಹೋಗಿದ್ದೀರಿ, ಅದು ಚೌತಿ ಊಟ ಮಾಡಿದೆ.

ಈಗ ಮಾಡಬೇಕಾದ್ದು. ಬ್ಯಾಗನ್ನು ಅಂಗಳಕ್ಕೋ ಜಗಲಿಗೋ ಒಯ್ಯಿರಿ, ಮನೆಯೊಳಗೆ ಬೇಡವೇ ಬೇಡ. ಮೂಗಿಗೆ ಮಾಸ್ಕ್ ಹಾಕಿ. ಮೆತ್ತಗಿನ ಬ್ರಶ್‌ನಿಂದ, ಹೊಲಿಗೆ ಸಾಲಿಗೆ ಹಳೇ ಹಲ್ಲುಜ್ಜುವ ಬ್ರಶ್‌ನಿಂದ, ಗಾಳಿ ನಿಮ್ಮ ಬೆನ್ನ ಹಿಂದೆ ಇರುವ ಹಾಗೆ ನಿಂತು ಪುಡಿಯನ್ನು ಕೊಡವಿ. ಒಳಗಿನ ಬಟ್ಟೆ ಕಿಸೆಯನ್ನು ಹೊರಗೆ ಎಳೆದು ಅದನ್ನೂ ಕೊಡವಿ, ಎಲ್ಲರೂ ಬಿಡುವುದು ಅದನ್ನೇ, ಮತ್ತೆ ಬೂಷ್ಟು ಶುರುವಾಗುವುದೂ ಅಲ್ಲಿಂದಲೇ. ಆಮೇಲೆ ಮೆಡಿಕಲ್ ಶಾಪಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್ ಅರ್ಧ, ನೀರು ಅರ್ಧ. ಹಳೇ ಬನಿಯನ್ ತುಂಡನ್ನು ಅದರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿ. ಬಟ್ಟೆ ತೇವ ಇರಬೇಕು ಅಷ್ಟೇ, ಹನಿ ಬೀಳಬಾರದು. ಮೊದಲು ಬ್ಯಾಗಿನ ಅಡಿಭಾಗದಲ್ಲಿ ಒಂದು ರೂಪಾಯಿ ಅಗಲ ಒರೆಸಿ ಒಣಗಲಿಕ್ಕೆ ಬಿಟ್ಟು ಬಣ್ಣ ನೋಡಿ. ಸರಿ ಇದ್ದರೆ ಮಾತ್ರ ಮುಂದೆ ಹೋಗಿ. ಒಂದೇ ಜಾಗ ಉಜ್ಜಬೇಡಿ, ಒಂದು ಹೊಲಿಗೆಯಿಂದ ಇನ್ನೊಂದು ಹೊಲಿಗೆಯವರೆಗೆ ಇಡೀ ತುಂಡನ್ನು ಒಂದೇ ಸಮ ಒರೆಸಿ, ಇಲ್ಲದಿದ್ದರೆ ನೀರಿನ ಗೆರೆ ಉಳಿಯುತ್ತದೆ. ಬಟ್ಟೆಯನ್ನು ಮತ್ತೆ ಮತ್ತೆ ಮಡಚಿ ಚೊಕ್ಕ ಬದಿ ಬಳಸಿ. ಇಲ್ಲದಿದ್ದರೆ ಬೂಷ್ಟನ್ನು ನೀವೇ ಸಾರಿಸಿದ ಹಾಗೆ.

ಜಿಡ್ಡು ಮೇಲೆ ಬಂದ ಕಡೆ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ, ಕರಗಿದ ಕೂಡಲೇ ಒಣ ಬಟ್ಟೆಯಿಂದ ಒತ್ತಿ ತೆಗೆಯಿರಿ. ಉಜ್ಜಿದರೆ ಮತ್ತೆ ಒಳಗೆ ಹೋಗುತ್ತದೆ, ಒತ್ತಿ ಎತ್ತಬೇಕು. ಆಮೇಲೆ ಕಾರ್ನ್‌ಫ್ಲೋರ್ ಉದುರಿಸಿ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಕೊಡವಿ. ನಾಲ್ಕೈದು ಸಲ ಮಾಡಬೇಕಾದೀತು. ಕಪ್ಪು ಪಟ್ಟೆ ಸ್ವಲ್ಪ ತಿಳಿಯಾಗುತ್ತದೆ, ಪೂರ್ತಿ ಹೋಗಲ್ಲ. ಅದು ಇನ್ನು ಬ್ಯಾಗಿನ ಮಚ್ಚೆ ಅಂದುಕೊಳ್ಳಿ.

ಒಣಗಿಸಲಿಕ್ಕೆ ಫ್ಯಾನ್ ಸಾಕು, ಮುಚ್ಚಳ ತೆರೆದು, ಒಳಗೆ ಹಳೇ ಪಂಚೆ ತುಂಡು ತುಂಬಿ ಆಕಾರ ಕೊಟ್ಟು ಇಡಿ. ಪೇಪರ್ ತುಂಬಬೇಡಿ, ತಿಳಿ ಬಣ್ಣದ ಚರ್ಮಕ್ಕೆ ಪೇಪರಿನ ಮಸಿ ಹತ್ತುತ್ತದೆ. ನನ್ನ ಒಂದು ಬ್ಯಾಗಿನ ಒಳಗೆ ಅಡಿಕೆ ಧಾರಣೆ ಇವತ್ತಿಗೂ ಕನ್ನಡಿಯಲ್ಲಿ ಓದಬಹುದು.

ಬಕಲ್ ಪಕ್ಕದ ಕಪ್ಪು ಕಲೆ ಬಗ್ಗೆ ನನಗಿಂತ ಗೊತ್ತಿರುವವರು ಇಲ್ಲಿದ್ದಾರೆ. ಅಂಕೋಲೆ ಸರ್, ಇದ್ದೀರಾ?

ಹಳೇ ಕೈ (ಅಂಕೋಲಾ)

ಇದ್ದೇನೆ, ಇದ್ದೇನೆ. ಮಳೆಯಲ್ಲಿ ಎಲ್ಲಿ ಹೋಗುವುದು.

ನಾನು ತಮಿಳುನಾಡಿನ ರಾಣಿಪೇಟೆ ಕಡೆ ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ 22 ವರ್ಷ ದುಡಿದವನು. ತಂಗೀ, ಬಕಲ್ ಪಕ್ಕದ ಕಲೆ ಬೂಷ್ಟೂ ಅಲ್ಲ, ಎಣ್ಣೆಯೂ ಅಲ್ಲ. ಅದು ಶಾಯಿ. ನಿಜವಾದ ಶಾಯಿ.

ಹೇಳ್ತೇನೆ ಕೇಳು. ನಿನ್ನ ಬ್ಯಾಗ್ ತೊಗಟೆಯ ಒಗರಿನಲ್ಲಿ ಹದ ಆದದ್ದು. ಜಾಲಿ ತೊಗಟೆ, ಆವರಿಕೆ ತೊಗಟೆ, ಅಳಲೆಕಾಯಿ, ಇವೆಲ್ಲ ನಾವು ಬಳಸುತ್ತಿದ್ದ ಸಾಮಾನು. ಅಳಲೆಕಾಯಿ ನಮ್ಮ ಉತ್ತರ ಕನ್ನಡದ ಕಾಡಿನದ್ದೇ, ಇಲ್ಲಿ ಹೆಕ್ಕಿ ಮೂಟೆ ಕಟ್ಟಿದ್ದು ಅಲ್ಲಿಗೆ ಬರುತ್ತಿತ್ತು. ಮೂಟೆ ಬಿಚ್ಚಿದಾಗ ಊರಿನ ನೆನಪಾಗುತ್ತಿತ್ತು ನನಗೆ. ಆ ಒಗರಿಗೂ ಕಬ್ಬಿಣಕ್ಕೂ ನೀರು ಸೇರಿದರೆ ಕಪ್ಪು ಬಣ್ಣ ಹುಟ್ಟುತ್ತದೆ. ಹಿಂದೆ ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಹಾಕಿ ಶಾಯಿ ಮಾಡುತ್ತಿದ್ದದ್ದು ಇದೇ ಲೆಕ್ಕದಲ್ಲಿ. ಅನ್ನಭೇದಿ ಅಂದರೆ ಕಬ್ಬಿಣದ ಉಪ್ಪು. ನಿನ್ನ ಬಕಲ್ ಮೇಲೆ ಹಿತ್ತಾಳೆ ಲೇಪ ಇದೆ, ಒಳಗೆ ಕಬ್ಬಿಣ. ಲೇಪ ಸವೆದಿದೆ, ಮಳೆ ನೀರು ಬಿದ್ದಿದೆ, ಅಷ್ಟೇ. ಕಬ್ಬಿಣದ ಕಪಾಟಿನ ತುಕ್ಕು ಹಿಡಿದ ಹಲಗೆ ಮೇಲೆ ಒದ್ದೆ ಬ್ಯಾಗ್ ಇಟ್ಟರೂ ಅಡಿಯಲ್ಲಿ ಹೀಗೇ ಆಗುತ್ತದೆ. ತಿರುಗಿಸಿ ನೋಡು.

ಇದಕ್ಕೆ ಲಿಂಬೆ ಹಣ್ಣು. ಒಂದು ಚಮಚ ರಸಕ್ಕೆ ನಾಲ್ಕು ಚಮಚ ನೀರು. ಕಿವಿಗೆ ಹಾಕುವ ಹತ್ತಿ ಕಡ್ಡಿ ಅದ್ದಿ ಕಲೆಯ ಮೇಲೆ ಮಾತ್ರ ಮುಟ್ಟಿಸು. ಒಂದೆರಡು ನಿಮಿಷದಲ್ಲಿ ಕಪ್ಪು ತಿಳಿಯಾಗುವುದು ಕಾಣುತ್ತದೆ. ಕೂಡಲೇ ಚೊಕ್ಕ ನೀರಿನ ತೇವ ಬಟ್ಟೆಯಿಂದ ಎರಡು ಸಲ ಒರೆಸಿ ತೆಗೆ, ಹುಳಿ ಅಲ್ಲೇ ಉಳಿಯಬಾರದು. ಪೂರ್ತಿ ಹೋಗಬೇಕು ಅಂತ ಹಟ ಮಾಡಿದರೆ ಚರ್ಮವೇ ಬಿಳಚಿಕೊಳ್ಳುತ್ತದೆ. ಮುಕ್ಕಾಲು ಹೋದರೆ ಸಾಕು.

ಗುಂಡಿ ಬುಡದ ಹಸಿರು, ಅದು ಕಿಲುಬು. ಹಿತ್ತಾಳೆಯ ತಾಮ್ರಕ್ಕೆ ನೀನು ಹಚ್ಚಿದ ಜಿಡ್ಡು ತಾಗಿ ಹಾಗೆ ಮೇಣದಂತಾಗಿದೆ. ಬಿದಿರು ಕಡ್ಡಿಯ ತುದಿಯಿಂದ ಕೆರೆದು ತೆಗೆ. ಹಿತ್ತಾಳೆ ಅಂದ ಕೂಡಲೇ ಅಮ್ಮ ಹುಣಸೆಹಣ್ಣು ತರುತ್ತಾಳೆ, ಕೊಡಬೇಡ ಅನ್ನು. ದೀಪಕ್ಕೆ, ಚೊಂಬಿಗೆ ಸರಿ. ಚರ್ಮದ ಪಕ್ಕ ಹುಣಸೆಹುಳಿ ಮೆತ್ತಿದರೆ ಕಲೆ ಬೇರೆ ಆಗುತ್ತದೆ, ಮತ್ತೆ ತೊಳೆಯಲಿಕ್ಕೆ ನೀರು ಬೇಕಾಗುತ್ತದೆ.

ಅರಗಾ ಹುಡುಗ

ಸರ್, ಮಧ್ಯೆ ಕೇಳ್ತಿದ್ದೇನೆ. ನನ್ನ ಆಫೀಸ್ ಬ್ಯಾಗಿಗೆ ಏನೂ ಹಚ್ಚಿಲ್ಲ, ಮಳೆಗೂ ಜಾಸ್ತಿ ಸಿಕ್ಕಿಲ್ಲ, ಆದರೂ ಸಿಪ್ಪೆ ಸಿಪ್ಪೆ ಏಳ್ತಾ ಇದೆ. ಕಪ್ಪು ಚೂರು ಅಂಗಿಗೆಲ್ಲ ಅಂಟುತ್ತದೆ. ಅದಕ್ಕೇನು ಎಣ್ಣೆ? ಮತ್ತೆ ಎಲ್ಲ ಚರ್ಮವೂ ತೊಗಟೆಯದ್ದೇನಾ?

ಹಳೇ ಕೈ (ಅಂಕೋಲಾ)

ಅದು ಚರ್ಮ ಅಲ್ಲ ತಮ್ಮಾ. ಬಟ್ಟೆ ಮೇಲೆ ಪ್ಲಾಸ್ಟಿಕ್ ಪದರ, ಪಿಯು ಅಂತಾರೆ. ತೇವಕ್ಕೆ ಆ ಪದರ ತಾನಾಗಿಯೇ ಕಳಚಿಕೊಳ್ಳುತ್ತದೆ, ಬಳಸದೆ ಇಟ್ಟರೂ ಬಿಡಲ್ಲ. ಯಾವ ಎಣ್ಣೆಯೂ ಹಿಡಿಯಲ್ಲ. ದುಡ್ಡು ಹಾಕಬೇಡ, ಬೇರೆ ತಗೋ.

ಎಲ್ಲವೂ ತೊಗಟೆಯದ್ದಲ್ಲ. ಪೇಟೆಯ ಶೂ, ಬ್ಯಾಗು ಹೆಚ್ಚಿನವು ಕ್ರೋಮ್ ಉಪ್ಪಿನಲ್ಲಿ ಹದ ಆದವು. ತೊಗಟೆ ಹೊಂಡದಲ್ಲಿ ವಾರಗಟ್ಟಲೆ ಹಿಡಿಯುವ ಕೆಲಸ ಕ್ರೋಮಿನಲ್ಲಿ ಒಂದು ದಿನದಲ್ಲಿ ಮುಗಿಯುತ್ತದೆ. ಹದ ಆಗಿ ಹೊರಬರುವಾಗ ಅದು ತಿಳಿ ನೀಲಿ ಇರುತ್ತದೆ, ಬಣ್ಣ ಆಮೇಲೆ ಹಾಕುವುದು. ಕಾರ್ಖಾನೆಯಲ್ಲಿ ಒಂದು ಚೂರು ಕತ್ತರಿಸಿ ಎರಡು ಮೂರು ನಿಮಿಷ ಕುದಿಯುವ ನೀರಿಗೆ ಹಾಕಿ ನೋಡುತ್ತಿದ್ದೆವು. ಕ್ರೋಮ್ ಸರಿ ಹಿಡಿದಿದ್ದರೆ ಇದ್ದ ಹಾಗೇ ಇರುತ್ತದೆ. ತೊಗಟೆಯದ್ದಾದರೆ ಗುಬ್ಬಚ್ಚಿಯ ಹಾಗೆ ಮುದುಡಿ ಕೂರುತ್ತದೆ. ನೀವ್ಯಾರೂ ಬ್ಯಾಗ್ ಕುದಿಸಬೇಡಿ ಮತ್ತೆ! ಮನೆಯಲ್ಲಿ ನೋಡಬೇಕಾದರೆ ಕತ್ತರಿಸಿದ ಅಂಚು ನೋಡಿ. ಒಳಗೆಲ್ಲ ಕಂದು ಇದ್ದರೆ ತೊಗಟೆಯದ್ದು ಇರಬಹುದು, ನಡುವೆ ನೀಲಿ ಬೂದಿ ಗೆರೆ ಕಂಡರೆ ಕ್ರೋಮ್.

ನಮ್ಮವರಿಗೆ ಕೊಲ್ಹಾಪುರಿ ಚಪ್ಪಲಿ ಗೊತ್ತಲ್ಲ, ಅದು ತೊಗಟೆ ಹದದ್ದು. 2019ರಲ್ಲಿ ಅದಕ್ಕೆ ಜಿಐ, ಅಂದರೆ ಇಂಥ ಸೀಮೆಯದ್ದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿದಾಗ ಮಹಾರಾಷ್ಟ್ರದ 4 ಜಿಲ್ಲೆಯ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದ್ದವು. ಹೆಸರು ಅವರದ್ದು, ಕೈ ನಮ್ಮದೂ ಉಂಟು. ಅವು ಹುಟ್ಟಿದ್ದು ಒಣ ಸೀಮೆಗೆ. ಆ ಚಪ್ಪಲಿ ಹಾಕಿಕೊಂಡು ಜುಲೈನಲ್ಲಿ ಕಾರವಾರದ ಕೆಸರು ತುಳಿದರೆ ಚಪ್ಪಲಿಯದ್ದು ತಪ್ಪಲ್ಲ.

ಕುಮಟಾ ಲೋಕಲ್

ಆಯ್ತು, ನಾನು ಸೋತೆ. ಆದರೆ ಒಂದು ಕೇಳ್ತೇನೆ. ಎಣ್ಣೆ ಹಚ್ಚಲೇಬಾರದು ಅಂದರೆ ಚರ್ಮ ಒಣಗಿ ಬಿರುಕು ಬಿಡುವುದಿಲ್ವಾ? ಪೇಟೆಯಲ್ಲಿ ಅಷ್ಟು ಕ್ರೀಮು ಯಾಕೆ ಮಾರ್ತಾರೆ? ಮತ್ತೆ ಕಪಾಟಿಗೆ ನುಸಿಗುಳಿಗೆ ಹಾಕಿದರೆ ಬೂಷ್ಟು ಬರಲ್ಲ ಅಂತ ನಮ್ಮ ಆಯಿ ಹೇಳ್ತಾರೆ.

ದಬ್ಬಳ ದಾರ (ಶಿರಸಿ)

ಹಚ್ಚಲೇಬಾರದು ಅಂತಲ್ಲ. ಹುಬ್ಬಳ್ಳಿಯಲ್ಲಿ ಇರುವವನಿಗೆ ಬೇಸಿಗೆಯಲ್ಲಿ ಬೇಕು. ನಮ್ಮ ಕಡೆ ಮಳೆ 3000 ಮಿಲಿಮೀಟರ್ ಸುತ್ತಮುತ್ತ ಹೊಯ್ಯುತ್ತದೆ, ನಾಲ್ಕು ತಿಂಗಳು ಗಾಳಿಯೇ ಒದ್ದೆ. ಆ ನಾಲ್ಕು ತಿಂಗಳು ಎಣ್ಣೆ ಡಬ್ಬಿಯನ್ನು ಅಟ್ಟದ ಮೇಲೆ ಇಡಿ. ನಾನು ವರ್ಷಕ್ಕೆ ಎರಡೇ ಸಲ ಹಚ್ಚುವುದು, ದೀಪಾವಳಿ ಕಳೆದ ಮೇಲೆ ಒಮ್ಮೆ, ಮಳೆ ಹಿಡಿಯುವ ಒಂದು ತಿಂಗಳು ಮೊದಲು ಒಮ್ಮೆ. ಕಡ್ಲೆಕಾಳಿನಷ್ಟು ಒಂದು ಬದಿಗೆ. ಹಚ್ಚಿ ಅರ್ಧ ಗಂಟೆ ಬಿಟ್ಟು ಒಣ ಬಟ್ಟೆಯಿಂದ ಒರೆಸಿದಾಗ ಕೈಗೆ ಜಿಡ್ಡು ಹತ್ತಿದರೆ ಅದು ಜಾಸ್ತಿ ಆಯಿತು ಅಂತ.

ಮನೆಯಲ್ಲೇ ಮಾಡುವುದಾದರೆ ಜೇನುಮೇಣ ಒಂದು ಪಾಲು, ಹರಳೆಣ್ಣೆ ನಾಲ್ಕು ಪಾಲು. ಮೇಣ 62–64 ಡಿಗ್ರಿಗೆ ಕರಗುತ್ತದೆ, ಹಾಗಾಗಿ ನೇರ ಬೆಂಕಿ ಬೇಡ, ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲು ಇಟ್ಟು ಕರಗಿಸಿ. ಮೇಣ ನಮ್ಮಲ್ಲಿ ಜೇನು ಸಾಕುವವರ ಹತ್ತಿರ ಸಿಗುತ್ತದೆ, ಬಟ್ಟೆಯಲ್ಲಿ ಸೋಸಿಕೊಳ್ಳಿ, ಇಲ್ಲದಿದ್ದರೆ ಜೇನುಹುಳದ ಕಾಲು ಬ್ಯಾಗಿಗೆ ಅಂಟುತ್ತದೆ. ಬಣ್ಣ ಒಂಚೂರು ಗಾಢ ಆಗುತ್ತದೆ, ಅದು ಗೊತ್ತಿದ್ದೇ ಹಚ್ಚಿ. ಮಳೆ ಹನಿಯೂ ಕೂಡಲೇ ಒಳಗೆ ಇಳಿಯಲ್ಲ. ಹಾಗಂತ ಕಾಳಿ ಸೇತುವೆ ಮೇಲೆ ಹೊರಗೆ ನೇತು ಹಾಕುವಷ್ಟು ರಕ್ಷಣೆ ಅದಲ್ಲ ಅಕ್ಕಾ.

ನುಸಿಗುಳಿಗೆ ಹುಳಕ್ಕೆ. ತೇವ ಹೀರುವುದಿಲ್ಲ, ಚರ್ಮಕ್ಕೆ ವಾಸನೆ ಹತ್ತಿ ಹೋಗುವುದೇ ಇಲ್ಲ.

ತೇವದ ಲೆಕ್ಕ ಹೀಗಿದೆ. ಬೂಷ್ಟಿನ ಬೀಜ ಗಾಳಿಯಲ್ಲಿ ಯಾವಾಗಲೂ ಇರುತ್ತದೆ, ಅದನ್ನು ತಡೆಯಲಿಕ್ಕಾಗಲ್ಲ. ಗಾಳಿಯ ತೇವಾಂಶ ಶೇಕಡಾ 65–70 ದಾಟಿ ಹಾಗೇ ನಿಂತರೆ ಅದು ಮೊಳೆಯುತ್ತದೆ. ನನ್ನ ಕಪಾಟಿನೊಳಗೆ ಚಿಕ್ಕ ಮೀಟರ್ ಇಟ್ಟಿದ್ದೇನೆ, ಜುಲೈನಲ್ಲಿ ಬಾಗಿಲು ಹಾಕಿದ್ದರೆ 88, 90 ತೋರಿಸುತ್ತದೆ. ಫ್ಯಾನ್ ಓಡುವ ಕೋಣೆಯಲ್ಲಿ ಗೂಟಕ್ಕೆ ನೇತು ಹಾಕಿದ ಬ್ಯಾಗಿಗೆ ಏನೂ ಆಗಲಿಲ್ಲ, ಅದೇ ಮನೆಯ ಕಪಾಟಿನಲ್ಲಿ ಇಟ್ಟದ್ದಕ್ಕೆ ಬಂತು. ಗಾಳಿ ಆಡಬೇಕು ಅಷ್ಟೇ. ದಿನಾ ಬಳಸುವ ಬ್ಯಾಗಿಗೆ ಬೂಷ್ಟು ಬಂದದ್ದು ನಾನು ಕಂಡಿಲ್ಲ.

ಅರಗಾ ಹುಡುಗ

ಕಪಾಟಿನಲ್ಲಿ ಬಲ್ಬ್ ಹಾಕುತ್ತಿದ್ದರಲ್ಲ ಹಿಂದೆ? ನಮ್ಮ ಮನೆಯಲ್ಲಿ ರೇಷ್ಮೆ ಸೀರೆ ಇರುವ ಕಪಾಟಿಗೆ ಇತ್ತು.

ದಬ್ಬಳ ದಾರ (ಶಿರಸಿ)

ಒಳ್ಳೆ ಉಪಾಯ ಅದು. 40 ವ್ಯಾಟಿನ ಹಳೇ ಬಲ್ಬು ಬೆಳಕಿಗಿಂತ ಜಾಸ್ತಿ ಬಿಸಿ ಕೊಡುತ್ತಿತ್ತು, ಒಳಗಿನ ಗಾಳಿ ಒಣಗುತ್ತಿತ್ತು. ಈಗ ಅದೇ ಹೋಲ್ಡರಿಗೆ ಎಲ್‌ಇಡಿ ಹಾಕಿ "ಬಲ್ಬ್ ಇದೆಯಲ್ಲ" ಅಂತಾರೆ, ಅದರಿಂದ ಬೂಷ್ಟಿಗೆ ಓದಿಕೊಳ್ಳಲಿಕ್ಕೆ ಬೆಳಕಾಯಿತು ಅಷ್ಟೇ. ಹಳೇ ಬಲ್ಬ್ ಸಿಕ್ಕಿದರೆ ಬಟ್ಟೆಗೆ, ಚರ್ಮಕ್ಕೆ ತಾಗದ ಹಾಗೆ ತಂತಿ ಬಲೆ ಹಾಕಿಯೇ ಇಡಿ.

ಬಲ್ಬ್ ಬೇಡ ಅನ್ನುವವರಿಗೆ ಸಿಲಿಕಾ ಜೆಲ್. ಬಾಟಲಿಯೊಳಗೆ ಬರುವ ಚಿಕ್ಕ ಪೊಟ್ಟಣ ಒಂದೆರಡು ಹಾಕಿದರೆ ಏನೂ ಆಗಲ್ಲ, ಅರ್ಧ ಕಿಲೋ ತಗೊಂಡು ಬಟ್ಟೆ ಚೀಲದಲ್ಲಿ ಕಟ್ಟಿ, ಬಾಗಿಲು ಸರಿ ಮುಚ್ಚುವ ಕಪಾಟಿನಲ್ಲಿ ಇಡಿ. ಕಿತ್ತಳೆ ಬಣ್ಣದ್ದು ತಗೊಳ್ಳಿ, ತೇವ ತುಂಬಿದಾಗ ಹಸಿರಾಗುತ್ತದೆ. ಸಣ್ಣ ಉರಿಯಲ್ಲಿ ಬಾಣಲೆಗೆ ಹಾಕಿ ಹುರಿದರೆ ಮತ್ತೆ ಕಿತ್ತಳೆ. ಬಾಣಲೆ ಬೇರೆಯೇ ಇಟ್ಟುಕೊಳ್ಳಿ, ಅಡುಗೆಯದ್ದು ಬೇಡ. ಅಂಗಡಿಯಲ್ಲಿ ಡಬ್ಬಿಯ ತಳದಲ್ಲಿ ನೀರು ತುಂಬಿಕೊಳ್ಳುವಂಥದ್ದು ಸಿಗುತ್ತದಲ್ಲ, ಅದು ಕೆಲಸ ಮಾಡುತ್ತದೆ, ಆದರೆ ಅದು ಕ್ಯಾಲ್ಸಿಯಂ ಕ್ಲೋರೈಡ್ ನೀರು. ಮಗುಚಿ ಚರ್ಮದ ಮೇಲೆ ಬಿದ್ದರೆ ಆ ಜಾಗ ಒಣಗುವುದೂ ಇಲ್ಲ, ಸರಿ ಆಗುವುದೂ ಇಲ್ಲ. ಬ್ಯಾಗ್ ಇರುವ ಹಲಗೆಗಿಂತ ಕೆಳಗಿನ ಹಲಗೆಯಲ್ಲಿ ಮಾತ್ರ.

ಕಾರವಾರದವರಿಗೆ ಇನ್ನೊಂದು. ನಿಮ್ಮಲ್ಲಿ ಸಮುದ್ರದ ಗಾಳಿಯ ಉಪ್ಪೂ ಚರ್ಮದ ಮೇಲೆ ಕೂರುತ್ತದೆ, ಉಪ್ಪು ತೇವ ಎಳೆಯುತ್ತದೆ. ಹದಿನೈದು ದಿನಕ್ಕೊಮ್ಮೆ ಬರೀ ನೀರಿನ ಹಿಂಡಿದ ಬಟ್ಟೆಯಿಂದ ಒರೆಸಿ ನೆರಳಲ್ಲಿ ಒಣಗಿಸಿ. ಬೀಚಿಗೆ ಹೋಗಿ ಬಂದ ದಿನ ತಪ್ಪದೆ.

ಕೋಡಿಬಾಗದವಳು (ಕಾರವಾರ)

ಹನ್ನೆರಡು ದಿನ ಆಯಿತು, ಹೇಳಿ ಹೋಗೋಣ ಅಂತ ಬಂದೆ.

ಬೂಷ್ಟು ಹೋಗಿದೆ. ಒಳಗಿನ ಕಿಸೆ ಎಳೆದಾಗ ಅದರ ಮೂಲೆಯಲ್ಲಿ ಒಂದು ಹಳೇ ಬಸ್ ಟಿಕೆಟ್ಟು, ಎರಡು ಗೋಡಂಬಿ ಸಿಕ್ಕವು, ಗೋಡಂಬಿಗೆ ಬ್ಯಾಗಿಗಿಂತ ಉದ್ದ ಬೂಷ್ಟು. ಅಲ್ಲಿಂದಲೇ ಶುರುವಾದದ್ದು ಅಂತ ಕಾಣುತ್ತದೆ. ವಾಸನೆ ಮೊದಲ ಮೂರು ದಿನ ಹೋಗಲಿಲ್ಲ, ಒಳಗೆ ಬಟ್ಟೆಯಲ್ಲಿ ಕಟ್ಟಿದ ಇದ್ದಿಲು ಇಟ್ಟೆ, ಈಗ ಮೂಗು ಒಳಗೆ ಹಾಕಿದರೆ ಮಾತ್ರ ಗೊತ್ತಾಗುತ್ತದೆ. ಮುಚ್ಚಳದ ಜಿಡ್ಡು ಐದು ಸಲ ತೆಗೆದೆ. ಪ್ರತಿ ಸಲವೂ ಬೆಳಿಗ್ಗೆ ಮತ್ತೆ ಸ್ವಲ್ಪ ಬೆಳ್ಳಗೆ ಇರುತ್ತಿತ್ತು, ಮೊನ್ನೆಯಿಂದ ಬಂದಿಲ್ಲ. ಪಟ್ಟೆಗಳು ಇವೆ, ಆದರೆ ಗೊತ್ತಿಲ್ಲದವರು ನೋಡಿದರೆ ಹಾಗೇ ಬಣ್ಣ ಅಂದುಕೊಳ್ಳುತ್ತಾರೆ.

ಲಿಂಬೆ ಹಣ್ಣಿನದ್ದು ಮಾಡುವಾಗ ಕೈ ನಡುಗಿತು ಸರ್. ಕಪ್ಪು ನಿಜವಾಗಿಯೂ ಕಣ್ಣೆದುರು ಕಂದು ಬಣ್ಣಕ್ಕೆ ಬಂತು. ಮುಕ್ಕಾಲಿಗೆ ನಿಲ್ಲಿಸಿದೆ, ನೀವು ಹೇಳಿದ್ದಿರಿ ಅಂತ. ಅಡಿಭಾಗ ತಿರುಗಿಸಿ ನೋಡಿದರೆ ಕಪಾಟಿನ ಹಲಗೆಯ ಅಂಚಿನ ಗೆರೆ ನೇರ ಅಚ್ಚು ಬಿದ್ದಿದೆ, ಸ್ಕೇಲ್ ಇಟ್ಟು ಎಳೆದ ಹಾಗೆ. ಅದನ್ನು ಮುಟ್ಟಲಿಲ್ಲ, ಕೆಳಗೆ ಯಾರು ನೋಡ್ತಾರೆ. ಅಮ್ಮ ಹುಣಸೆಹಣ್ಣು ತಂದಳು, ನೀವು ಬರೆದದ್ದನ್ನು ಓದಿ ಹೇಳಿದೆ, "ಅವರಿಗೆ ಹೇಗೆ ಗೊತ್ತಾಯಿತು" ಅಂದಳು.

ಈಗ ಬ್ಯಾಗ್ ಬಾಗಿಲ ಹಿಂದಿನ ಗೂಟದಲ್ಲಿದೆ. ಸ್ಕೂಟಿಯಲ್ಲಿ ಹೋಗುವಾಗ ಸೀಟಿನ ಕೆಳಗೆ ಹಿಡಿಸುವುದಿಲ್ಲ, ಮಳೆ ಮುಗಿಯುವವರೆಗೆ ಆಫೀಸಿಗೆ ಹಳೇ ರೆಕ್ಸಿನ್ ಬ್ಯಾಗೇ ಗತಿ. ಒಂದು ಸಂಶಯ ಉಳಿದಿದೆ. ಅಂಚಿನಲ್ಲಿ ಒಂದು ಕಡೆ ಎರಡು ಪದರ ಬಿಟ್ಟುಕೊಂಡು ಬಾಯಿ ತೆರೆದಿದೆ, ನಾಲ್ಕು ಹೊಲಿಗೆ ಕಿತ್ತಿದೆ. ಫೆವಿಕಾಲ್ ಹಾಕಲಾ?

ದಬ್ಬಳ ದಾರ (ಶಿರಸಿ)

ಹಾಕಬೇಡಿ, ಒದ್ದೆಯಾದರೆ ಮತ್ತೆ ಬಿಡುತ್ತದೆ. ದಾರ ಎಲ್ಲಿ ತುಂಡಾಗಿದೆ ಅಂತ ಗೊತ್ತಾಗಬೇಕು, ಆ ಅಂಚಿನ ಫೋಟೋ ಹತ್ತಿರದಿಂದ ತೆಗೆದು ಹಾಕಿ. ಹಳೇ ತೂತುಗಳು ಹರಿಯದಿದ್ದರೆ ಮೇಣ ಹಚ್ಚಿದ ದಾರ ಮತ್ತು ಎರಡು ಸೂಜಿ ಸಾಕು, ಅದೇ ತೂತಿನಲ್ಲಿ ಎರಡೂ ಬದಿಯಿಂದ ಹೊಲಿಯುವುದು. ಎರಡು ಹೊಲಿಗೆ ಹಿಂದಿನಿಂದ ಶುರು ಮಾಡಿ.

ಕುಮಟಾ ಲೋಕಲ್

ಫೋಟೋ ಹಾಕುವಾಗ ಗೋಡಂಬಿಯದ್ದೂ ಹಾಕಿ ಮಾರಾಯ್ರೆ.